ಸ್ಲೊವಾಕಿಯಾದ ಸಂವಿಧಾನದಲ್ಲಿ ಗ್ರೀಕ್ ಊರಿನ ಇಬ್ಬರು ಸಂತರಿಗೇನು ಕೆಲಸ?

ಪ್ರಶ್ನೆ: ಸ್ಲೊವಾಕಿಯಾದ ಸಂವಿಧಾನದ ಪೀಠಿಕೆಯಲ್ಲಿ ಸಿರಿಲ್ ಮತ್ತು ಮೆಥೋಡಿಯಸ್ ಎಂಬ ಇಬ್ಬರು ಸಂತರ ಹೆಸರಿದೆಯಂತೆ. ಅವರು ಸ್ಲೊವಾಕರಲ್ಲ. ಅಲ್ಲಿದ್ದದ್ದೂ ಕೆಲವೇ ವರ್ಷ. ಸ್ಲೊವಾಕರು ಈಗ ಬರೆಯುವುದು ರೋಮನ್ ಲಿಪಿಯಲ್ಲಿ, ಹೆಚ್ಚಿನವರು ರೋಮನ್ ಕ್ಯಾಥೊಲಿಕರು. ಹಾಗಿದ್ದ ಮೇಲೆ ಇಷ್ಟು ದೊಡ್ಡ ಗೌರವ ಯಾಕೆ?

ಉತ್ತರ: ಪ್ರಶ್ನೆಯಲ್ಲಿರುವುದೆಲ್ಲ ನಿಜ. 1992ರ ಸೆಪ್ಟೆಂಬರ್ 1ರಂದು ಅಂಗೀಕಾರವಾದ ಆ ಸಂವಿಧಾನ ‘ನಾವು, ಸ್ಲೊವಾಕ್ ಜನಾಂಗ’ ಎಂದು ಶುರುವಾಗುತ್ತದೆ. ಒಂದೆರಡು ಸಾಲು ದಾಟುವಷ್ಟರಲ್ಲಿ ಸಿರಿಲ್ ಮತ್ತು ಮೆಥೋಡಿಯಸರ ಆಧ್ಯಾತ್ಮಿಕ ಪರಂಪರೆಯನ್ನೂ ಮಹಾ ಮೊರಾವಿಯ ಎಂಬ ಹಳೆಯ ರಾಜ್ಯವನ್ನೂ ನೆನೆಯುತ್ತದೆ. ಜುಲೈ 5 ಅವರ ಹೆಸರಿನಲ್ಲಿ ಸರಕಾರಿ ರಜೆ. ನಿತ್ರ ಊರಿನ ವಿಶ್ವವಿದ್ಯಾಲಯಕ್ಕೆ ಒಬ್ಬರ ಹೆಸರು, ತ್ರನವದ ವಿಶ್ವವಿದ್ಯಾಲಯಕ್ಕೆ ಇಬ್ಬರದೂ. ಯೂರೋ ಬರುವ ಮೊದಲು 50 ಕೊರೂನಾ ನೋಟಿನ ಮೇಲೂ ಇವರೇ ಇದ್ದರು.

ಇವರು ಕಟ್ಟಿದ್ದು ಇವರ ತಲೆಮಾರಿನಲ್ಲೇ ಬಹುಪಾಲು ಅಳಿಸಿಹೋಯಿತು. ಇಂದು ಕಾಣುವ ಗೌರವವನ್ನು ಬೆಳೆಸಿದವರು ಎಂಟುನೂರು, ಸಾವಿರ ವರ್ಷ ಕಳೆದ ಮೇಲೆ ಬಂದ ಪಾದ್ರಿಗಳು, ಕವಿಗಳು, ಪತ್ರಕರ್ತರು. ಹಾಗೆಂದು ಇದನ್ನು ಕಟ್ಟುಕತೆ ಎಂದು ತಳ್ಳಿಹಾಕುವವರ ಮಾತೂ ನನಗೆ ಒಪ್ಪಿಗೆಯಿಲ್ಲ. ಒಂಬತ್ತನೆಯ ಶತಮಾನದಲ್ಲಿ ಅಲ್ಲಿ ನಡೆದದ್ದು ಅಂಥ ವಿಚಿತ್ರ ಘಟನೆ. ಮುಂದಿನವರಿಗೆ ಹಿಡಿದುಕೊಳ್ಳಲು ಅದರಲ್ಲಿ ಗಟ್ಟಿಯಾದದ್ದೇನೋ ಇತ್ತು.

ಮೊದಲಿಗೆ ಒಂದು ತಪ್ಪು ಕಲ್ಪನೆ. ಸ್ಲೊವಾಕಿಯಾಕ್ಕೆ ಕ್ರೈಸ್ತ ಧರ್ಮ ತಂದವರು ಇವರು ಎಂದು ಎಷ್ಟೋ ಕಡೆ ಬರೆದಿರುತ್ತಾರೆ. ಅದು ಸರಿಯಲ್ಲ. ಇವರು ಬರುವುದಕ್ಕೆ ಸುಮಾರು 35 ವರ್ಷ ಮೊದಲೇ, 828ರ ಹೊತ್ತಿಗೆ, ನಿತ್ರದ ದೊರೆ ಪ್ರಿಬಿನನ ನೆಲದಲ್ಲಿ ಒಂದು ಚರ್ಚು ಇತ್ತು. ಅದನ್ನು ಪ್ರತಿಷ್ಠಾಪಿಸಿದವರು ಸಾಲ್ಜ್‌ಬರ್ಗಿನ ಮಹಾಧರ್ಮಾಧ್ಯಕ್ಷ (ಆರ್ಚ್‌ಬಿಷಪ್) ಅಡಲ್ರಾಮ್. ನಿತ್ರದಿಂದ ಅಷ್ಟೇನೂ ದೂರವಿಲ್ಲದ ಬೊಯ್ನ ಎಂಬಲ್ಲಿ ಬೆಟ್ಟದ ಮೇಲಿನ ಕೋಟೆಯನ್ನು ಅಗೆದಾಗ ದೇವದೂತರ ಆಕೃತಿಯಿರುವ, ಚಿನ್ನದ ಲೇಪದ ತಾಮ್ರದ ತಗಡುಗಳು ಸಿಕ್ಕವು. ಒಂದು ಗಂಟೆಯೂ ಸಿಕ್ಕಿತು, ಮಧ್ಯ ಯುರೋಪಿನಲ್ಲಿ ಸಿಕ್ಕ ಅತಿ ಹಳೆಯ ಚರ್ಚ್ ಗಂಟೆಗಳಲ್ಲೊಂದು. ಇವು ಸಹೋದರರು ಬರುವ ಮುಂಚಿನವು ಎಂದು ಅನೇಕ ವಿದ್ವಾಂಸರು ಎಣಿಸುತ್ತಾರೆ. ಅಂದರೆ ಧರ್ಮ ಆಗಲೇ ಬಂದಿತ್ತು, ಜರ್ಮನ್ ಪಾದ್ರಿಗಳ ಮೂಲಕ, ಲ್ಯಾಟಿನ್ ಭಾಷೆಯಲ್ಲಿ.

ತೊಂದರೆ ಶುರುವಾದದ್ದೂ ಅಲ್ಲಿಂದಲೇ. ಪ್ರಿಬಿನನನ್ನು ಓಡಿಸಿ ನಿತ್ರವನ್ನು ಸೇರಿಸಿಕೊಂಡ ಮೊರಾವಿಯ ರಾಜ್ಯ ಬೆಳೆಯುತ್ತಿತ್ತು. ಪಕ್ಕದಲ್ಲಿ ಪೂರ್ವ ಫ್ರಾಂಕರ ದೊರೆ ಲೂಯಿ, ಜರ್ಮನ್ ಲೂಯಿ ಎಂದೇ ಹೆಸರಾದವನು. ಪಾಸೌ ಪಟ್ಟಣದ ಧರ್ಮಾಧ್ಯಕ್ಷರು ಕಳಿಸುವ ಪಾದ್ರಿಗಳು ಬರೀ ಪಾದ್ರಿಗಳಾಗಿರಲಿಲ್ಲ, ಅವರ ಹಿಂದೆ ಲೂಯಿಯ ನೆರಳೂ ಬರುತ್ತಿತ್ತು. ಮೊರಾವಿಯದ ದೊರೆ ರಸ್ತಿಸ್ಲಾವ್ ಮೊದಲು ರೋಮಿನ ಪೋಪರನ್ನು ಕೇಳಿದ, ಪ್ರಯೋಜನವಾಗಲಿಲ್ಲ. 862ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ಚಕ್ರವರ್ತಿ ಮೂರನೆಯ ಮೈಕೇಲನ ಬಳಿಗೆ ದೂತರನ್ನು ಅಟ್ಟಿದ. ನಮ್ಮ ಜನ ಹಳೆಯ ದೇವರುಗಳನ್ನು ಬಿಟ್ಟಿದ್ದಾರೆ, ಆದರೆ ನಮ್ಮ ಮಾತಿನಲ್ಲಿ ತಿಳಿಸಿಹೇಳುವ ಗುರುಗಳಿಲ್ಲ ಎಂಬುದು ಅವನ ಕೋರಿಕೆಯ ಸಾರ. ಭಕ್ತಿ ಇದ್ದೀತು. ಜರ್ಮನ್ ಧರ್ಮಾಧ್ಯಕ್ಷರ ಹಿಡಿತದಿಂದ ಜಾರಿಕೊಳ್ಳುವ ಲೆಕ್ಕಾಚಾರವಂತೂ ಇದ್ದೇ ಇತ್ತು.

ಚಕ್ರವರ್ತಿ ಆರಿಸಿದ್ದು ಥೆಸಲೋನಿಕದ ಇಬ್ಬರು ಸಹೋದರರನ್ನು. ದೊಡ್ಡವನು ಮೆಥೋಡಿಯಸ್, ಆಡಳಿತ ನೋಡಿದ್ದವನು, ಆಮೇಲೆ ಸನ್ಯಾಸಿ. ಚಿಕ್ಕವನು ಕಾನ್‌ಸ್ಟಂಟೈನ್, ‘ತತ್ವಜ್ಞಾನಿ’ ಎಂದೇ ಕರೆಸಿಕೊಂಡಿದ್ದ ಪಂಡಿತ. ಸಿರಿಲ್ ಎಂಬುದು ಅವನು ಸಾಯುವ ಮುನ್ನ ಸನ್ಯಾಸ ತೆಗೆದುಕೊಂಡಾಗ ಬಂದ ಹೆಸರು. ಮೆಥೋಡಿಯಸನ ಜೀವನಚರಿತ್ರೆಯಲ್ಲಿ ಚಕ್ರವರ್ತಿ ಹೇಳುವ ಒಂದು ಮಾತು ಚೆನ್ನಾಗಿದೆ. ನೀವು ಥೆಸಲೋನಿಕದವರು, ಥೆಸಲೋನಿಕದವರೆಲ್ಲ ಸ್ಲಾವ್ ಮಾತನ್ನು ಶುದ್ಧವಾಗಿ ಆಡುತ್ತಾರಲ್ಲ ಎನ್ನುತ್ತಾನೆ. ಊರಿನ ಸುತ್ತಮುತ್ತ ಸ್ಲಾವರೇ ತುಂಬಿದ್ದರು, ಹಾಗಾಗಿ ಗ್ರೀಕ್ ಮನೆಯ ಹುಡುಗರಿಗೂ ಆ ಮಾತು ಬರುತ್ತಿತ್ತು.

ಹೊರಡುವ ಮೊದಲೇ ಕಾನ್‌ಸ್ಟಂಟೈನ್ ಹೊಸ ಲಿಪಿಯೊಂದನ್ನು ರಚಿಸಿದ. ಅದು ಗ್ಲಾಗೊಲಿಟಿಕ್. ಇಂದು ರಷ್ಯ, ಬಲ್ಗೇರಿಯಗಳಲ್ಲಿ ಬಳಸುವ ಸಿರಿಲಿಕ್ ಲಿಪಿಯಲ್ಲಿ ಅವನ ಹೆಸರಿದ್ದರೂ ಅದು ಅವನು ತೀರಿಕೊಂಡ ಮೇಲೆ ಬಲ್ಗೇರಿಯದಲ್ಲಿ ರೂಪುಗೊಂಡದ್ದು. 863ರಲ್ಲಿ ಸಹೋದರರು ಮೊರಾವಿಯ ತಲುಪಿ ಶಿಷ್ಯರನ್ನು ಸೇರಿಸಿಕೊಂಡು ಸುವಾರ್ತೆಯ (ಬೈಬಲ್ಲಿನಲ್ಲಿ ಯೇಸುವಿನ ಕಥೆ ಹೇಳುವ ಭಾಗ) ಅನುವಾದ, ಬಲಿಪೂಜೆಯ (ಚರ್ಚಿನ ಮುಖ್ಯ ಆರಾಧನೆ, ‘ಮಾಸ್’) ಪಠ್ಯ, ಜನರಿಗಾಗಿ ಒಂದು ಕಾನೂನು ಸಂಗ್ರಹ ಹೀಗೆ ಕೆಲಸ ಮಾಡಿದರು. ಸುವಾರ್ತೆಯ ಅನುವಾದಕ್ಕೆ ಮುನ್ನುಡಿಯಾಗಿ ಬರೆದ ‘ಪ್ರೊಗ್ಲಾಸ್’ ಎಂಬ ಪದ್ಯವನ್ನು ಸ್ಲಾವ್ ಭಾಷೆಗಳ ಮೊದಲ ಕವಿತೆ ಎನ್ನುವುದು ವಾಡಿಕೆ. ತಮ್ಮ ನುಡಿಯಲ್ಲಿ ಪುಸ್ತಕವಿಲ್ಲದ ಜನ ಬತ್ತಲೆ ಎಂದು ಆ ಪದ್ಯ ಹೇಳುತ್ತದೆ. ಸ್ಲೊವಾಕ್ ಸಾಹಿತ್ಯ ಚರಿತ್ರೆಗಳು ಇದನ್ನೇ ಮೊದಲ ಪುಟದಲ್ಲಿಡುತ್ತವೆ. ಆದರೆ ಕೈಗೆ ಸಿಕ್ಕಿರುವುದು ಎಷ್ಟೋ ಕಾಲದ ಮೇಲೆ ಮಾಡಿಕೊಂಡ ನಕಲುಗಳು ಮಾತ್ರ.

ಮೊರಾವಿಯದಲ್ಲಿ ಕಾನ್‌ಸ್ಟಂಟೈನ್ ಇದ್ದದ್ದು 40 ತಿಂಗಳು. 867ರಲ್ಲಿ ಶಿಷ್ಯರಿಗೆ ದೀಕ್ಷೆ ಕೊಡಿಸಲು ಹೊರಟು ದಾರಿಯಲ್ಲಿ ಬಲತೋನ್ ಸರೋವರದ ಹತ್ತಿರ ಪ್ರಿಬಿನನ ಮಗ ಕೊಸೆಲನ ಬಳಿ ಉಳಿದರು. ಅವನು ಸುಮಾರು 50 ಮಂದಿ ಹುಡುಗರನ್ನು ಪಾಠಕ್ಕೆ ಕೊಟ್ಟ. ಅಲ್ಲಿಂದ ವೆನಿಸ್.

ವೆನಿಸಿನಲ್ಲಿ ನಡೆದ ವಾದ ಈ ಇಡೀ ಕಥೆಯ ತಿರುಳು. ಹೀಬ್ರೂ, ಗ್ರೀಕ್, ಲ್ಯಾಟಿನ್, ಶಿಲುಬೆಯ ಮೇಲಿನ ಫಲಕದಲ್ಲಿದ್ದ ಈ ಮೂರು ಭಾಷೆಗಳಲ್ಲಿ ಮಾತ್ರ ದೇವರನ್ನು ಸ್ತುತಿಸಬಹುದು, ನೀನು ನಾಲ್ಕನೆಯದನ್ನು ಎಲ್ಲಿಂದ ತಂದೆ ಎಂದು ಅಲ್ಲಿನ ಪಾದ್ರಿಗಳು ಅವನ ಮೇಲೆ ಮುಗಿಬಿದ್ದರು. ಗಿಡುಗನ ಮೇಲೆ ಕಾಗೆಗಳು ಎರಗಿದಂತೆ ಎಂದು ಅವನ ಜೀವನಚರಿತ್ರೆಕಾರ ಬರೆಯುತ್ತಾನೆ. ಕಾನ್‌ಸ್ಟಂಟೈನನ ಉತ್ತರ ಮಳೆ, ಬಿಸಿಲು, ಗಾಳಿಯಿಂದ ಶುರುವಾಯಿತು. ದೇವರ ಮಳೆ ಎಲ್ಲರ ಮೇಲೂ ಒಂದೇ ಸಮ ಬೀಳುವುದಿಲ್ಲವೇ? ಸೂರ್ಯ ಎಲ್ಲರಿಗೂ ಬೆಳಗುವುದಿಲ್ಲವೇ? ಮೂರೇ ಭಾಷೆಯನ್ನು ಒಪ್ಪಿ ಉಳಿದ ಜನರೆಲ್ಲ ಕುರುಡರೂ ಕಿವುಡರೂ ಆಗಿರಲಿ ಎನ್ನಲು ನಿಮಗೆ ನಾಚಿಕೆಯಾಗುವುದಿಲ್ಲವೇ? ಆಮೇಲೆ ಅವನು ಪಟ್ಟಿ ಒಪ್ಪಿಸಿದ: ಅರ್ಮೇನಿಯನ್ನರು, ಪರ್ಷಿಯನ್ನರು, ಗಾತರು, ಸಿರಿಯನ್ನರು, ಈಜಿಪ್ಟಿನವರು, ಎಲ್ಲರೂ ತಮ್ಮ ತಮ್ಮ ಪುಸ್ತಕ, ತಮ್ಮ ತಮ್ಮ ಮಾತಿನಲ್ಲೇ ದೇವರನ್ನು ಹೊಗಳುತ್ತಿದ್ದಾರೆ. ಅರಿವಿಲ್ಲದ ಭಾಷೆಯ ಹತ್ತು ಸಾವಿರ ಮಾತಿಗಿಂತ ಅರ್ಥವಾಗುವ ಐದು ಮಾತು ಮೇಲು ಎಂಬ ಸಂತ ಪೌಲರ ಪತ್ರವನ್ನೂ ಮುಂದಿಟ್ಟ. ಇದು ಭಕ್ತರು ಬರೆದ ಚರಿತ್ರೆ, ಸೋತವರ ವಾದಕ್ಕೆ ಅದರಲ್ಲಿ ಹೆಚ್ಚು ಜಾಗವಿಲ್ಲ. ಆದರೂ ಒಂಬತ್ತನೆಯ ಶತಮಾನದ ಯುರೋಪಿನಲ್ಲಿ ಈ ವಾದ ಇಷ್ಟು ನೇರವಾಗಿ ಬರಹಕ್ಕಿಳಿದದ್ದೇ ಸಣ್ಣ ಸಂಗತಿಯಲ್ಲ.

ರೋಮಿನಲ್ಲಿ ಪೋಪ್ ಎರಡನೆಯ ಹೇಡ್ರಿಯನ್ ಇವರ ಸ್ಲಾವ್ ಪುಸ್ತಕಗಳನ್ನು ಹರಸಿ ಸಂತ ಮರಿಯಮ್ಮನವರ ಮಹಾದೇವಾಲಯದಲ್ಲಿಟ್ಟರು. ಕಾನ್‌ಸ್ಟಂಟೈನ್ ಅಲ್ಲಿಯೇ ಸಿರಿಲ್ ಆಗಿ 869ರ ಫೆಬ್ರವರಿ 14ರಂದು ತೀರಿಕೊಂಡ. ರೋಮಿನ ಸಂತ ಕ್ಲೆಮೆಂತ್ ಚರ್ಚಿನಲ್ಲಿ ಅವನ ಸಮಾಧಿ.

ಮೆಥೋಡಿಯಸ್ ಮಹಾಧರ್ಮಾಧ್ಯಕ್ಷನಾಗಿ ಮರಳುವ ಹೊತ್ತಿಗೆ ಗಾಳಿ ತಿರುಗಿತ್ತು. 870ರಲ್ಲಿ ರಸ್ತಿಸ್ಲಾವನನ್ನು ಅವನ ಸ್ವಂತ ಸೋದರನ ಮಗ ಸ್ವೆತೋಪ್ಲುಕನೇ ಫ್ರಾಂಕರಿಗೆ ಹಿಡಿದುಕೊಟ್ಟ. ಅವರು ಅವನ ಕಣ್ಣು ಕೀಳಿಸಿದರು. ಮೆಥೋಡಿಯಸನನ್ನು ಬವೇರಿಯದ ಧರ್ಮಾಧ್ಯಕ್ಷರು ಹಿಡಿದು ವಿಚಾರಣೆ ಮಾಡಿ ಎರಡೂವರೆ ವರ್ಷ ಸೆರೆಯಲ್ಲಿಟ್ಟರು. ಪಾಸೌನ ಧರ್ಮಾಧ್ಯಕ್ಷ ಎರ್ಮನ್ರಿಕ್ ಸಭೆಯಲ್ಲಿ ಕುದುರೆ ಚಾವಟಿ ಎತ್ತಿಕೊಂಡು ಇವನ ಮೇಲೆ ಹೋದದ್ದನ್ನು ಪೋಪ್ ಎಂಟನೆಯ ಜಾನ್ ತಮ್ಮ ಪತ್ರದಲ್ಲೇ ಎತ್ತಿ ಆಡಿದ್ದಾರೆ. ಆ ಪೋಪರ ಒತ್ತಡದಿಂದ 873ರಲ್ಲಿ ಬಿಡುಗಡೆಯಾಯಿತು. 880ರಲ್ಲಿ ಅವರೇ ಸ್ವೆತೋಪ್ಲುಕನಿಗೆ ಬರೆದ ಪತ್ರ ಸ್ಲಾವ್ ಬಲಿಪೂಜೆಗೆ ಒಪ್ಪಿಗೆ ಕೊಟ್ಟಿತು: ಮೂರು ಮುಖ್ಯ ಭಾಷೆಗಳನ್ನು ಮಾಡಿದವನೇ ಉಳಿದ ಎಲ್ಲ ಭಾಷೆಗಳನ್ನೂ ತನ್ನ ಸ್ತುತಿಗಾಗಿ ಮಾಡಿದ್ದಾನೆ ಎಂದಿತು. ಅದೇ ಪತ್ರದ ಕೊನೆಗೆ ಒಂದು ಮಾತಿದೆ. ನಿನಗೂ ನಿನ್ನ ಅಧಿಕಾರಿಗಳಿಗೂ ಲ್ಯಾಟಿನ್ ಪೂಜೆಯೇ ಇಷ್ಟವೆಂದಾದರೆ ನಿನಗಾಗಿ ಲ್ಯಾಟಿನ್‌ನಲ್ಲೇ ನಡೆಯಲಿ ಎಂದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

885ರ ಏಪ್ರಿಲ್ 6ರಂದು ಮೆಥೋಡಿಯಸ್ ತೀರಿಕೊಂಡ. ತನ್ನ ನಂತರ ಇವನೇ ಎಂದು ಅದೇ ನಾಡಿನವನಾದ ಗೊರಾಜ್ದ್ ಎಂಬ ಶಿಷ್ಯನನ್ನು ತೋರಿಸಿದ್ದ. ಅದು ನಡೆಯಲಿಲ್ಲ. ನಿತ್ರದ ಧರ್ಮಾಧ್ಯಕ್ಷನಾಗಿದ್ದ ಜರ್ಮನ್ ವಿಖಿಂಗ್ ಮೇಲುಗೈ ಪಡೆದ, ಹೊಸ ಪೋಪ್ ಸ್ಲಾವ್ ಪೂಜೆಯನ್ನು ನಿಷೇಧಿಸಿದರು. ಸ್ವೆತೋಪ್ಲುಕನ ಆಳ್ವಿಕೆಯಲ್ಲೇ ಹಿರಿಯ ಶಿಷ್ಯರನ್ನು ಗಡಿಯಾಚೆ ಅಟ್ಟಿದರು, ಕಿರಿಯರನ್ನು ಗುಲಾಮರಾಗಿ ಮಾರಿದರು. ಹಾಗೆ ಮಾರಾಟವಾದವರಲ್ಲಿ ಕೆಲವರನ್ನು ವೆನಿಸಿನಲ್ಲಿ ಬೈಜಾಂಟಿಯಂನ ರಾಯಭಾರಿ ಹಣ ಕೊಟ್ಟು ಬಿಡಿಸಿದನಂತೆ. ಕ್ಲೆಮೆಂತ್, ನೌಮ್ ಬಲ್ಗೇರಿಯಕ್ಕೆ ಹೋಗಿ ಒಹ್ರಿದ್ ಊರಿನಲ್ಲಿ ಶಾಲೆ ಕಟ್ಟಿದರು. ಸಹೋದರರ ಕೆಲಸ ಉಳಿದದ್ದು ಅಲ್ಲಿ. ಸ್ಲೊವಾಕರ ನಾಡಿನಲ್ಲಿ 907ರ ಹೊತ್ತಿಗೆ ಮಹಾ ಮೊರಾವಿಯವೇ ಇರಲಿಲ್ಲ. ಮಗ್ಯಾರರು ಬಂದರು, ಹಂಗೇರಿ ರಾಜ್ಯ ಕಟ್ಟಿದರು. ಮುಂದಿನ ಸಾವಿರ ವರ್ಷ ಸ್ಲೊವಾಕರು ಅದರ ಪ್ರಜೆಗಳು, ಅವರ ಚರ್ಚು ಲ್ಯಾಟಿನ್ ಚರ್ಚು. ಸ್ಲೊವಾಕ್ ಕ್ಯಾಥೊಲಿಕರು ತಮ್ಮ ಭಾಷೆಯಲ್ಲಿ ಬಲಿಪೂಜೆ ಕೇಳಿದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ, 1960ರ ದಶಕದಲ್ಲಿ.

ಹಂಗೇರಿಯ ಕಾಲದಲ್ಲೂ ಆ ನೆಲಕ್ಕೆ ಸಂತರಿದ್ದರು. ನಿತ್ರದ ಜೊಬೊರ್ ಬೆಟ್ಟದ ಮಠಕ್ಕೆ ಪೋಲೆಂಡಿನಿಂದ ಬಂದ ಸ್ವೊರಾದ್, ಅವನ ಶಿಷ್ಯ ಬೆನೆದಿಕ್ತ್. ಸ್ವೊರಾದ್ ನಲವತ್ತು ದಿನದ ಉಪವಾಸವನ್ನು ನಲವತ್ತು ಆಕ್ರೋಟಿನಲ್ಲಿ ಕಳೆಯುತ್ತಿದ್ದನಂತೆ. ಸತ್ತಾಗ ಸೊಂಟದ ಸರಪಳಿ ಮಾಂಸದೊಳಗೆ ಹೂತುಹೋಗಿತ್ತಂತೆ. 1083ರಲ್ಲಿ ಇಬ್ಬರಿಗೂ ಸಂತಪದವಿ ಸಿಕ್ಕಿತು. ನಿತ್ರ, ತ್ರೆಂಚೀನ್ ಕಡೆ ಇವರ ಮೇಲೆ ಈಗಲೂ ಭಕ್ತಿಯಿದೆ. ಆದರೆ ಇವರನ್ನು ಮುಂದಿಟ್ಟುಕೊಂಡು ಯಾರೂ ಒಂದು ರಾಷ್ಟ್ರ ಕಟ್ಟಲಿಲ್ಲ. ತಪಸ್ಸು ಮಾಡಿದವರು ಭಕ್ತರಿಗೆ ಸಾಕು. ರಾಷ್ಟ್ರ ಕಟ್ಟುವವರಿಗೆ ಪುಸ್ತಕ ಬರೆದವರು ಬೇಕು.

ಸಹೋದರರು ಮತ್ತೆ ಎದ್ದು ಬಂದದ್ದು ಹೇಗೆ? ಮೊದಲ ಸುಳಿವು 1655ರ ಒಂದು ಹಾಡಿನ ಪುಸ್ತಕದಲ್ಲಿದೆ. ಜೆಸ್ಯೂಟರು ಎಂಬ ಕ್ಯಾಥೊಲಿಕ್ ಪಾದ್ರಿಗಳ ಸಂಘ ಪ್ರಕಟಿಸಿದ ‘ಕಾಂತುಸ್ ಕತೋಲಿಚಿ’ ಎಂಬ ಕೀರ್ತನೆಗಳ ಸಂಗ್ರಹದ ಮುನ್ನುಡಿ, ಈ ನಾಡಿನವರಿಗೆ ಸ್ವಂತ ನುಡಿಯಲ್ಲಿ ದೇವರನ್ನು ಹಾಡುವ ಹಕ್ಕು ಸಿರಿಲ್ ಮತ್ತು ಮೆಥೋಡಿಯಸರ ಕಾಲದಿಂದಲೇ ಬಂದದ್ದು ಎನ್ನುತ್ತದೆ. ಕಾರಣ ಸ್ಪಷ್ಟ. ಪ್ರೊಟೆಸ್ಟೆಂಟರ ಪಂಗಡವಾದ ಲೂಥರನ್ನರ ಬಳಿ 1636ರಿಂದಲೇ ದೊಡ್ಡದೊಂದು ಗೀತಸಂಪುಟವಿತ್ತು, ಜನ ಅದನ್ನೇ ಹಾಡುತ್ತಿದ್ದರು. ಜನರ ಭಾಷೆಯಲ್ಲಿ ಹಾಡುವುದು ಪ್ರೊಟೆಸ್ಟೆಂಟರ ಆವಿಷ್ಕಾರವಲ್ಲ, ನಮ್ಮದೂ ಹೌದು ಎಂದು ತೋರಿಸಬೇಕಿತ್ತು. ಅದಕ್ಕೆ ಇವರಿಬ್ಬರು ಒದಗಿಬಂದರು.

ಹದಿನೆಂಟನೆಯ ಶತಮಾನದ ಕೊನೆಗೆ ವಿಷಯ ರಾಜಕೀಯಕ್ಕೆ ತಿರುಗಿತು. ಹಂಗೇರಿಯ ಕೆಲವು ಪಂಡಿತರು ಸ್ಲೊವಾಕರು ನಮ್ಮವರು ಸೋಲಿಸಿ ಗೆದ್ದುಕೊಂಡ ಜನ, ಸಮಾನ ಹಕ್ಕಿಗೆ ಅರ್ಹರಲ್ಲ ಎಂದು ವಾದಿಸುತ್ತಿದ್ದರು. ಪಾಪಾನೆಕ್, ಸ್ಕ್ಲೆನಾರ್ ಎಂಬ ಪಾದ್ರಿಗಳು 1780ರ ದಶಕದಲ್ಲಿ ಲ್ಯಾಟಿನ್‌ನಲ್ಲಿ ಚರಿತ್ರೆ ಬರೆದು, ನೀವು ಬರುವ ಮೊದಲು ನಮಗೆ ರಾಜ್ಯವಿತ್ತು, ಸಂತರಿದ್ದರು, ಪುಸ್ತಕವಿತ್ತು ಎಂದು ತಿರುಗಿ ಹೇಳಿದರು. 1787ರಲ್ಲಿ ಅಂತೊನ್ ಬೆರ್ನೊಲಾಕ್ ಎಂಬ ಮತ್ತೊಬ್ಬ ಪಾದ್ರಿ ಸ್ಲೊವಾಕ್ ಭಾಷೆಗೆ ಮೊದಲ ಬಾರಿ ಒಂದು ಬರಹದ ರೂಪ ಕೊಟ್ಟ.

ಆ ಭಾಷೆಯಲ್ಲಿ ಮಹಾಕಾವ್ಯ ಬರೆದವನು ಯಾನ್ ಹೊಲ್ಲಿ. ಮದುನಿತ್ಸೆ ಎಂಬ ಹಳ್ಳಿಯ ಪಾದ್ರಿ. ಊರ ಹೊರಗಿನ ಮ್ಲೀಚ್ ಎಂಬ ತೋಪಿನಲ್ಲಿ ಹಳೆಯ ಓಕ್ ಮರದ ಕೆಳಗೆ ಕೂತು ಬರೆಯುತ್ತಿದ್ದನಂತೆ. ಗ್ರೀಕ್, ಲ್ಯಾಟಿನ್ ಕಾವ್ಯಗಳ ಹೆಕ್ಸಾಮೀಟರ್ ಛಂದಸ್ಸನ್ನು (ಸಾಲಿಗೆ ಆರು ಗಣ) ಹಳ್ಳಿಗರ ನುಡಿಗೆ ಒಗ್ಗಿಸಿ 1833ರಲ್ಲಿ ಸ್ವೆತೋಪ್ಲುಕನ ಮೇಲೆ, 1835ರಲ್ಲಿ ‘ಸಿರಿಲೊ-ಮೆತೊದಿಯಾದ’ ಎಂಬ ಹೆಸರಿನಲ್ಲಿ ಸಹೋದರರ ಮೇಲೆ ಕಾವ್ಯ ಪ್ರಕಟಿಸಿದ. ಜಗತ್ತಿನಲ್ಲಿ ಇಂಥ ಕಾವ್ಯಗಳನ್ನು ಓದುವವರಿಗಿಂತ ಹೊಗಳುವವರೇ ಹೆಚ್ಚು. ಹೊಲ್ಲಿಯ ವಿಷಯದಲ್ಲೂ ಹಾಗೇ ಇದ್ದೀತು. ಆದರೆ ಅವನನ್ನು ಓದಿಕೊಂಡ ಒಂದು ಗುಂಪು ಇತ್ತು, ಲ್ಯುದೊವೀತ್ ಷ್ಟೂರ್ ಎಂಬ ಯುವಕನ ಸುತ್ತ. 1836ರ ಏಪ್ರಿಲ್ 24ರಂದು ಅವರೆಲ್ಲ ಡಾನ್ಯೂಬ್ ದಂಡೆಯ ಪಾಳುಬಿದ್ದ ದೆವೀನ್ ಕೋಟೆಗೆ ಹೋಗಿ, ಮಹಾ ಮೊರಾವಿಯದ ನೆನಪಿನಲ್ಲಿ ತಮ್ಮ ಹೆಸರಿನ ಜತೆಗೆ ಒಂದೊಂದು ಸ್ಲಾವ್ ಹೆಸರು ಸೇರಿಸಿಕೊಂಡರು.

ಷ್ಟೂರ್ ಲೂಥರನ್. ಅವನ ಗೆಳೆಯರಲ್ಲಿ ಹೆಚ್ಚಿನವರೂ ಲೂಥರನ್ನರೇ. ಸಂತರನ್ನು ಪೂಜಿಸದ ಲೂಥರನ್ನರು ಈ ಇಬ್ಬರನ್ನು ಹೇಗೆ ಒಪ್ಪಿಕೊಂಡರು? ಪವಿತ್ರ ಗ್ರಂಥವನ್ನು ಜನರ ನುಡಿಗೆ ತಂದವರು ಎಂಬ ಕಡೆಯಿಂದ. ಕ್ಯಾಥೊಲಿಕರಿಗೆ ಇವರು ಪೋಪರ ಆಶೀರ್ವಾದ ಪಡೆದ ಸಂತರು. ಲೂಥರನ್ನರಿಗೆ ಲೂಥರಿಗೂ ಮೊದಲೇ ಬೈಬಲ್ಲನ್ನು ಜನಭಾಷೆಗೆ ತಂದವರು. ಬರೆಯುವ ಭಾಷೆಯೇ ಬೇರೆ ಬೇರೆಯಾಗಿದ್ದ ಎರಡು ಗುಂಪಿಗೆ (ಕ್ಯಾಥೊಲಿಕರದು ಬೆರ್ನೊಲಾಕನ ಸ್ಲೊವಾಕ್, ಲೂಥರನ್ನರದು ಬೈಬಲ್ಲಿನ ಚೆಕ್) ತಕರಾರಿಲ್ಲದೆ ಹಂಚಿಕೊಳ್ಳಬಹುದಾದ ಪೂರ್ವಿಕರು ಬೇರೆ ಯಾರೂ ಇರಲಿಲ್ಲ. ಈ ಒಂದು ಕಾರಣವೇ ಎಲ್ಲಕ್ಕಿಂತ ದೊಡ್ಡದು ಎಂದು ನನ್ನ ಅಭಿಪ್ರಾಯ. 1843ರಲ್ಲಿ ಹೊಸ ಸ್ಲೊವಾಕ್ ಬರಹಭಾಷೆಯ ತೀರ್ಮಾನ ಮಾಡಿದ ಷ್ಟೂರ್, ಹುರ್ಬನ್, ಹೊಜ ಮೂವರೂ ದೊಬ್ರಾ ವೊದ ಎಂಬಲ್ಲಿದ್ದ ಮುದಿ ಕ್ಯಾಥೊಲಿಕ್ ಪಾದ್ರಿ ಹೊಲ್ಲಿಯ ಬಳಿ ಹೋಗಿ ಆಶೀರ್ವಾದ ಕೇಳಿದರು. ಮದುನಿತ್ಸೆಯ ಮನೆ ಬೆಂಕಿಗೆ ಆಹುತಿಯಾಗಿ ಅವನು ಅಲ್ಲಿಗೆ ಬಂದಿದ್ದ.

ಈ ಹಂಚಿಕೆ ಕಣ್ಣಿಗೆ ಕಾಣುವಂತೆ ನಡೆದದ್ದು 1863ರ ಆಗಸ್ಟ್ 4ರಂದು, ಮಾರ್ತಿನ್ ಊರಿನಲ್ಲಿ. ಸಹೋದರರು ಬಂದು ಸರಿಯಾಗಿ ಸಾವಿರ ವರ್ಷ. ಅಂದು ಹುಟ್ಟಿದ ‘ಮಾತಿತ್ಸಾ ಸ್ಲೊವೆನ್ಸ್ಕಾ’ ಎಂಬ ಸಂಸ್ಥೆ ಪುಸ್ತಕ, ಚರಿತ್ರೆ, ಭಾಷೆಗಾಗಿ ಸ್ಲೊವಾಕರು ಕಟ್ಟಿಕೊಂಡ ಮೊದಲ ರಾಷ್ಟ್ರೀಯ ಸಂಸ್ಥೆ. ಅಧ್ಯಕ್ಷರು ಕ್ಯಾಥೊಲಿಕ್ ಧರ್ಮಾಧ್ಯಕ್ಷ ಷ್ಟೆಫಾನ್ ಮೊಯ್ಜೆಸ್. ಉಪಾಧ್ಯಕ್ಷರು ಲೂಥರನ್ ಸಭೆಯ ಹಿರಿಯ ಕಾರೊಲ್ ಕುಜ್ಮಾನಿ. ವಿಯೆನ್ನದ ಚಕ್ರವರ್ತಿ ಫ್ರಾಂಜ್ ಯೋಸೆಫ್ ಕೂಡ 1000 ಫ್ಲೋರಿನ್ ಕೊಟ್ಟಿದ್ದ. ಹನ್ನೆರಡು ವರ್ಷಕ್ಕೆ ಹಂಗೇರಿ ಸರಕಾರ ಅದನ್ನು ಮುಚ್ಚಿ ಆಸ್ತಿ ವಶಪಡಿಸಿಕೊಂಡಿತು. ಮತ್ತೆ ಬಾಗಿಲು ತೆರೆದದ್ದು ಚೆಕೊಸ್ಲೊವಾಕಿಯಾ ಹುಟ್ಟಿದ ಮೇಲೆ, 1919ರಲ್ಲಿ. ರೋಮ್ ಇತ್ತ 1880ರಲ್ಲಿ, ಪೋಪ್ ಹದಿಮೂರನೆಯ ಲಿಯೋ ಅವರ ಪತ್ರದ ಮೂಲಕ, ಸಹೋದರರ ಹಬ್ಬವನ್ನು ಇಡೀ ಕ್ಯಾಥೊಲಿಕ್ ಲೋಕಕ್ಕೆ ವಿಸ್ತರಿಸಿತು. 1980ರ ಕೊನೆಯ ದಿನ ಪೋಪ್ ಎರಡನೆಯ ಜಾನ್ ಪಾಲ್ ಇವರನ್ನು ಯುರೋಪಿನ ಸಹಪಾಲಕರು ಎಂದು ಸಾರಿದರು.

ಇನ್ನು ಇಪ್ಪತ್ತನೆಯ ಶತಮಾನ. ಹಿಟ್ಲರನ ನೆರಳಿನಲ್ಲಿ 1939ರಿಂದ 45ರವರೆಗೆ ನಡೆದ ಸ್ಲೊವಾಕ್ ರಾಜ್ಯದ ಅಧ್ಯಕ್ಷ ಯೋಸೆಫ್ ತಿಸೊ ಸ್ವತಃ ಪಾದ್ರಿ. ತನ್ನ ಯೆಹೂದಿ ಪ್ರಜೆಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸಿದ ಆ ಸರಕಾರವೂ ಎರಡು ಅಡ್ಡಪಟ್ಟಿಯ ಶಿಲುಬೆಯನ್ನು, ಕ್ರೈಸ್ತ ಪರಂಪರೆಯನ್ನು ಧಾರಾಳವಾಗಿ ಬಳಸಿತು. ಆ ಕಲೆ ಇನ್ನೂ ಹೋಗಿಲ್ಲ, ಇಂದಿನ ತೀವ್ರ ಬಲಪಂಥೀಯರ ಬಾವುಟಗಳಲ್ಲೂ ಅದೇ ಶಿಲುಬೆ ಇರುತ್ತದೆ. ಆ ಶಿಲುಬೆಯನ್ನು ಸಿರಿಲ್ ಮತ್ತು ಮೆಥೋಡಿಯಸರೇ ತಂದರು ಎಂದು ಸ್ಲೊವಾಕರಲ್ಲಿ ಅನೇಕರು ನಂಬುತ್ತಾರೆ. ಬೈಜಾಂಟಿಯಂನಿಂದ ಬಂದದ್ದು ನಿಜ. ಆದರೆ ಲಾಂಛನವಾಗಿ ನೆಲೆಯೂರಿದ್ದು ಹನ್ನೆರಡನೆಯ ಶತಮಾನದ ಕೊನೆಗೆ, ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಬೆಳೆದ ಹಂಗೇರಿ ದೊರೆ ಮೂರನೆಯ ಬೇಲನ ಕಾಲದಲ್ಲಿ. ಹಂಗೇರಿಯ ಲಾಂಛನದಲ್ಲೂ ಇಂದಿಗೂ ಮೂರು ಬೆಟ್ಟದ ಮೇಲೆ ಅದೇ ಶಿಲುಬೆ ನಿಂತಿದೆ.

ಕಮ್ಯುನಿಸ್ಟರಿಗೆ ಮಹಾ ಮೊರಾವಿಯ ಬೇಕಿತ್ತು, ಸಂತರು ಬೇಡವಾಗಿತ್ತು. ಚೆಕ್ಕರು ಮತ್ತು ಸ್ಲೊವಾಕರು ಒಟ್ಟಿಗಿದ್ದ ಮೊದಲ ರಾಜ್ಯವೆಂದು ಅದರ ಉತ್ಖನನಕ್ಕೆ ಸರಕಾರವೇ ಬೆನ್ನಿಗೆ ನಿಂತಿತು. ಅದೇ ಹೊತ್ತಿಗೆ, 1950ರ ಏಪ್ರಿಲ್ 28ರಂದು, ಪ್ರೆಶೊವ್ ಪಟ್ಟಣದಲ್ಲಿ ಸಭೆಯೊಂದನ್ನು ಕೂಡಿಸಿ ಗ್ರೀಕ್ ಕ್ಯಾಥೊಲಿಕ್ ಚರ್ಚನ್ನು ರದ್ದು ಮಾಡಿ ಆರ್ಥೊಡಾಕ್ಸ್ ಚರ್ಚಿಗೆ ಸೇರಿಸಲಾಯಿತು. ಪೋಪರನ್ನು ಒಪ್ಪಿಯೂ ಪೂರ್ವದ ಪದ್ಧತಿಯಲ್ಲಿ ಪೂಜೆ ನಡೆಸುವ, ಹಳೆಯ ಚರ್ಚ್ ಸ್ಲಾವ್ ಭಾಷೆಯನ್ನು ಉಳಿಸಿಕೊಂಡಿದ್ದ ಚರ್ಚು ಅದು. ಅದರ ಧರ್ಮಾಧ್ಯಕ್ಷ ಪಾವೊಲ್ ಗೊಯ್ದಿಚ್ 1960ರಲ್ಲಿ ಲೆಯೊಪೊಲ್ದೊವ್ ಜೈಲಿನಲ್ಲೇ ತೀರಿಕೊಂಡರು. 1968ರಲ್ಲಿ ಚರ್ಚಿಗೆ ಮತ್ತೆ ಅನುಮತಿ ಸಿಕ್ಕಿತು. ಇವರ ಪೂಜಾಪದ್ಧತಿ ಮೆಥೋಡಿಯಸನಿಂದ ತಡೆಯಿಲ್ಲದೆ ಹರಿದುಬಂದದ್ದೇನಲ್ಲ. ಹದಿನಾಲ್ಕನೆಯ ಶತಮಾನದಿಂದೀಚೆಗೆ ಪೂರ್ವದಿಂದ ಬಂದು ಬೆಟ್ಟಗಳಲ್ಲಿ ನೆಲೆಸಿದವರ ಜತೆ ಬಂದದ್ದು. ಆದರೆ ಸಹೋದರರ ಕೈಯ ಭಾಷೆ ಸ್ಲೊವಾಕಿಯಾದ ಬಲಿಪೀಠದ ಮುಂದೆ ಇಂದೂ ಕೇಳುವುದಾದರೆ ಇವರಲ್ಲಿ ಮತ್ತು ಆರ್ಥೊಡಾಕ್ಸರಲ್ಲಿ ಮಾತ್ರ. ಮೊರಾವಿಯದಿಂದ ಅಟ್ಟಿದ್ದು ಬಲ್ಗೇರಿಯ, ಕೀವ್ ಸುತ್ತಿ ಪೂರ್ವದ ಬಾಗಿಲಿನಿಂದ ಒಳಗೆ ಬಂತು.

1985, ಮೆಥೋಡಿಯಸ್ ತೀರಿಕೊಂಡು 1100 ವರ್ಷ. ಜುಲೈ 7ರಂದು ಚೆಕ್ ಭಾಗದ ವೆಲೆಹ್ರಾದ್ ಎಂಬಲ್ಲಿ ಯಾತ್ರೆ. ಪೋಪ್ ಬರಲು ಸರಕಾರ ಬಿಡಲಿಲ್ಲ, ಅವರ ಪ್ರತಿನಿಧಿಯಾಗಿ ಕಾರ್ಡಿನಲ್ ಕಸರೋಲಿ ಬಂದರು. ಒಂದೂವರೆಯಿಂದ ಎರಡು ಲಕ್ಷ ಜನ ಸೇರಿದರು, ಸ್ಲೊವಾಕಿಯಾದಿಂದ ಬಂದ ಯುವಕರು ಅದರಲ್ಲಿ ತುಂಬ ಇದ್ದರು. ಸಂಸ್ಕೃತಿ ಸಚಿವ ಮಿಲನ್ ಕ್ಲುಸಾಕ್ ಭಾಷಣಕ್ಕೆ ನಿಂತು ಶಾಂತಿ, ಸಂಸ್ಕೃತಿ ಎಂದು ಮಾತಾಡುತ್ತ ‘ಸಿರಿಲ್ ಮತ್ತು ಮೆಥೋಡಿಯಸ್’ ಎಂದಷ್ಟೇ ಅಂದಾಗ, ಜನ ‘ಸಂತ! ಸಂತ ಸಿರಿಲ್! ಸಂತ ಮೆಥೋಡಿಯಸ್!’ ಎಂದು ಕೂಗಿ ತಿದ್ದಿದರು. ಶಿಳ್ಳೆ ಹೊಡೆದರು. ಚೆಕೊಸ್ಲೊವಾಕಿಯಾದಲ್ಲಿ ಮಂತ್ರಿಯೊಬ್ಬನ ಮಾತಿಗೆ ಸಾರ್ವಜನಿಕವಾಗಿ ಅಡ್ಡಿ ಮಾಡಿ ಸುಮ್ಮನೆ ಮನೆಗೆ ಹೋಗಬಹುದೆಂದು ಅಷ್ಟು ಜನರಿಗೆ ಒಟ್ಟಿಗೆ ಗೊತ್ತಾದದ್ದು ಅಂದು. ಮೂರು ವರ್ಷದ ಮೇಲೆ, 1988ರ ಮಾರ್ಚ್ 25ರಂದು, ಬ್ರಾತಿಸ್ಲಾವದ ಚೌಕದಲ್ಲಿ ಮೋಂಬತ್ತಿ ಹಿಡಿದು ನಿಂತವರಲ್ಲಿ ಅನೇಕರು ಸರಕಾರದ ಕಣ್ಣು ತಪ್ಪಿಸಿ ನಡೆಯುತ್ತಿದ್ದ ಗುಪ್ತ ಚರ್ಚಿನ ಬಳಗದವರು.

ಸ್ವತಂತ್ರ ದೇಶವಾದ ಮೇಲೆ ಸಂತರು ಸರಕಾರದ ಸೊತ್ತಾದರು, ಜತೆಗೆ ಜಗಳಗಳೂ ಬಂದವು. 2010ರ ಚುನಾವಣೆಗೆ ಸ್ವಲ್ಪ ಮುಂಚೆ ಬ್ರಾತಿಸ್ಲಾವ ಕೋಟೆಯ ಅಂಗಳದಲ್ಲಿ ಸ್ವೆತೋಪ್ಲುಕನ ಕುದುರೆ ಸವಾರಿಯ ದೊಡ್ಡ ಪ್ರತಿಮೆ ಎದ್ದಿತು, ‘ಹಳೆಯ ಸ್ಲೊವಾಕರ ರಾಜ’ ಎಂಬ ಬಿರುದಿನೊಡನೆ. ಒಂಬತ್ತನೆಯ ಶತಮಾನದಲ್ಲಿ ಸ್ಲೊವಾಕರು ಎಂಬ ಪ್ರತ್ಯೇಕ ಜನಾಂಗವಿರಲಿಲ್ಲ ಎಂದು ಇತಿಹಾಸಕಾರರು ಬಾಯಿಬಡಿದುಕೊಂಡರು. ನನಗೆ ಹೆಚ್ಚು ಸೋಜಿಗವೆನಿಸುವುದು ಇನ್ನೊಂದು. ಸಂವಿಧಾನ ನೆನೆಯುವ ಸಂತರ ಶಿಷ್ಯರನ್ನು ದೇಶದಿಂದ ಅಟ್ಟಿಸಿದವನು, ಸ್ಲಾವ್ ಪೂಜೆಗಿಂತ ಲ್ಯಾಟಿನ್ ಪೂಜೆಯನ್ನೇ ಮೆಚ್ಚಿದವನು ಇದೇ ಸ್ವೆತೋಪ್ಲುಕ. ಅವರನ್ನು ಕರೆಸಿದ ರಸ್ತಿಸ್ಲಾವನನ್ನು ಆರ್ಥೊಡಾಕ್ಸ್ ಚರ್ಚು 1994ರಲ್ಲಿ ಪ್ರೆಶೊವಿನಲ್ಲಿ ಸಂತನೆಂದು ಘೋಷಿಸಿತು. ರಾಜಧಾನಿಯ ಕೋಟೆಯಲ್ಲಿ ಕುದುರೆ ಸಿಕ್ಕಿದ್ದು ಮಾತ್ರ ದ್ರೋಹ ಬಗೆದವನಿಗೆ.

ಎರಡನೆಯ ಜಗಳ ನಾಣ್ಯದ್ದು. 2013ರಲ್ಲಿ 1150ನೆಯ ವರ್ಷದ ನೆನಪಿಗೆ 2 ಯೂರೋ ನಾಣ್ಯ ತರಲು ಹೊರಟರು. ವಿನ್ಯಾಸದಲ್ಲಿ ಇಬ್ಬರು ಸಹೋದರರು, ಒಬ್ಬನ ಕೈಯಲ್ಲಿ ಪುಸ್ತಕ, ಇನ್ನೊಬ್ಬನ ಬಳಿ ಚರ್ಚು, ನಡುವೆ ಶಿಲುಬೆ, ತಲೆಯ ಹಿಂದೆ ಪ್ರಭಾವಳಿ. ಯೂರೋ ನಾಣ್ಯ ಎಲ್ಲ ದೇಶದಲ್ಲೂ ಓಡುವುದರಿಂದ ಧಾರ್ಮಿಕ ಚಿಹ್ನೆ ಬೇಡವೆಂದು ಕೆಲವು ಸದಸ್ಯ ರಾಷ್ಟ್ರಗಳ ಆಕ್ಷೇಪವನ್ನು ಹಿಡಿದು ಯುರೋಪಿಯನ್ ಆಯೋಗ ತಕರಾರು ತೆಗೆಯಿತು. ಸ್ಲೊವಾಕಿಯಾದ ಕೇಂದ್ರ ಬ್ಯಾಂಕು ಮೊದಲು ಪ್ರಭಾವಳಿ ತೆಗೆಯಲು ಒಪ್ಪಿತು. ಧರ್ಮಾಧ್ಯಕ್ಷರೂ ಜನರೂ ಸಿಡಿದೆದ್ದ ಮೇಲೆ ಹಿಂದೆ ಸರಿದು ಮೂಲ ವಿನ್ಯಾಸವನ್ನೇ ಹಿಡಿಯಿತು, ಹಾಗೆಯೇ ಟಂಕಿಸಿತು. ವೆಲೆಹ್ರಾದಿನ ಕೂಗಿಗೆ ಕಮ್ಯುನಿಸ್ಟ್ ಮಂತ್ರಿ ಗುರಿಯಾಗಿದ್ದ, ಈ ಬಾರಿ ಬ್ರಸೆಲ್ಸ್ ಗುರಿಯಾಯಿತು. ಸಂತರ ಹೆಸರಿನಲ್ಲಿ ಹೊರಗಿನವರಿಗೆ ಎದುರು ನಿಲ್ಲುವುದು ರಾಜಕಾರಣಿಗಳಿಗೂ ಅಗ್ಗದ ದಾರಿಯಾಗಿದೆ. ಆ ಸಹೋದರರೇ ಹೊರಗಿನವರು ಎಂಬುದು ಆ ಗದ್ದಲದಲ್ಲಿ ಮರೆತುಹೋಗುತ್ತದೆ.

ಭಕ್ತಿಯ ಲೆಕ್ಕಕ್ಕೆ ಬಂದರೆ ಚಿತ್ರ ಬೇರೆ. ಜನರ ಹರಕೆ, ಕಾಲ್ನಡಿಗೆ ಯಾತ್ರೆ ಹೆಚ್ಚಾಗಿ ಮರಿಯಮ್ಮನ ಕಡೆಗೆ. ದೇಶದ ಮುಖ್ಯ ಪಾಲಕಿ ವ್ಯಾಕುಲ ಮಾತೆ, ಸೆಪ್ಟೆಂಬರ್ 15 ಅವಳ ಹಬ್ಬ, ಷಾಷ್ಟೀನ್ ಅವಳ ಕ್ಷೇತ್ರ. ಜುಲೈ ಮೊದಲ ವಾರಾಂತ್ಯಕ್ಕೆ ಲೆವೊಚದ ಮರಿಯ ಬೆಟ್ಟಕ್ಕೆ ಸೇರುವ ಜನಸಾಗರವೂ ತಾಯಿಯ ಮೇಲಿನ ಪ್ರೀತಿಗೇ. ಸಹೋದರರಿಗೆ ಸಿಗುವುದು ನಿತ್ರದ ದೊಡ್ಡ ಬಲಿಪೂಜೆ, ಅದಕ್ಕೆ ಹಾಜರಾಗುವ ನಾಯಕರು, ಶಾಲೆಯ ಪಾಠ. ಹಬ್ಬದ ದಿನದಲ್ಲೂ ಒಮ್ಮತವಿಲ್ಲ. ರೋಮಿನ ಪಂಚಾಂಗ ಫೆಬ್ರವರಿ 14 ಎನ್ನುತ್ತದೆ, ಸ್ಲೊವಾಕರು ಜುಲೈ 5 ಬಿಡುವುದಿಲ್ಲ, ಆರ್ಥೊಡಾಕ್ಸರಿಗೆ ಮೇ 24. 2021ರ ಜನಗಣತಿಯಲ್ಲಿ ರೋಮನ್ ಕ್ಯಾಥೊಲಿಕರು ಸುಮಾರು ಶೇ. 56, ಹತ್ತು ವರ್ಷ ಹಿಂದೆ ಶೇ. 62 ಇದ್ದರು. ಲೂಥರನ್ನರು ಶೇ. 5, ಗ್ರೀಕ್ ಕ್ಯಾಥೊಲಿಕರು ಶೇ. 4. ಯಾವ ಧರ್ಮವೂ ಇಲ್ಲ ಎಂದವರು ಶೇ. 13ರಿಂದ ಶೇ. 24ಕ್ಕೆ ಏರಿದ್ದಾರೆ. ಚರ್ಚಿಗೆ ಹೋಗದ ಈ ನಾಲ್ಕನೆಯ ಒಂದು ಪಾಲು ಜನರ ಸಂವಿಧಾನದಲ್ಲೂ ಆ ಎರಡು ಹೆಸರಿವೆ. ಅವರಲ್ಲಿ ಹೆಚ್ಚಿನವರಿಗೆ ಇವರು ಮೊದಲು ಅಕ್ಷರ ಕೊಟ್ಟವರು, ಆಮೇಲೆ ಬೇಕಾದರೆ ಸಂತರು.

ಪಕ್ಕದ ಚೆಕ್ ಗಣರಾಜ್ಯವನ್ನು ನೋಡಿದರೆ ಪ್ರಶ್ನೆಯ ಉತ್ತರ ಇನ್ನೂ ಸ್ಪಷ್ಟವಾಗುತ್ತದೆ. ವೆಲೆಹ್ರಾದ್ ಇರುವುದು ಅಲ್ಲಿ. ಮಹಾ ಮೊರಾವಿಯದ ಅತಿ ದೊಡ್ಡ ಕೇಂದ್ರಗಳಲ್ಲಿ ಒಂದಾದ ಮಿಕುಲ್ಚಿತ್ಸೆ ಇರುವುದೂ ಅಲ್ಲಿ. ಅದಕ್ಕೆ ಮೊರಾವ ನದಿಯ ಆಚೆ, ಸ್ಲೊವಾಕ್ ಕಡೆ, ಕೊಪ್ಚಾನಿಯ ಬಯಲಿನಲ್ಲಿ ಸಂತ ಮಾರ್ಗರೇಟಳ ಪುಟ್ಟ ಚರ್ಚೊಂದು ನಿಂತಿದೆ, ಆ ಕಾಲದಿಂದ ಗೋಡೆ ಸಮೇತ ಉಳಿದ ಅಪರೂಪದ ಕಟ್ಟಡ. ಚೆಕ್ಕರಿಗೂ ಜುಲೈ 5 ರಜೆಯೇ. ಆದರೆ ಅವರ ಸಂವಿಧಾನದ ಪೀಠಿಕೆಯಲ್ಲಿ ಸಿರಿಲ್ ಇಲ್ಲ, ಮೆಥೋಡಿಯಸ್ ಇಲ್ಲ. ಬೊಹೀಮಿಯದ ರಾಜಮುಕುಟಕ್ಕೆ ಸೇರಿದ ನಾಡುಗಳ ಪರಂಪರೆ ಎಂದು ಬರೆದುಕೊಂಡಿದ್ದಾರೆ. ಅವರಿಗೆ ರಾಜರಿದ್ದರು, ಪ್ರಾಗ್ ಇತ್ತು, ಸಂತ ವಾತ್ಸ್‌ಲಾವ್ ಇದ್ದ. ಸ್ಲೊವಾಕರು 1992ರಲ್ಲಿ ದೇಶ ಕಟ್ಟಲು ಕೂತಾಗ ಹಂಗೇರಿಯ ರಾಜರನ್ನು ತಮ್ಮವರೆಂದು ಬರೆಯುವಂತಿರಲಿಲ್ಲ, ತಿಸೊನ ರಾಜ್ಯವನ್ನು ಬರೆಯುವುದು ಸಾಧ್ಯವಿರಲಿಲ್ಲ. ಹಿಂದೆ ಹಿಂದೆ ಹೋಗುತ್ತ ಯಾರೂ ಆಕ್ಷೇಪಿಸದ ಹೆಸರು ಸಿಕ್ಕಿದ್ದು ಒಂಬತ್ತನೆಯ ಶತಮಾನದಲ್ಲಿ.